ಮಳೆ ಕಳ್ಕೊಂಡ ಮೋಡ

ಚೈನೀಸ್ ಕಲಿಯೋಕೆ ಶುರು ಮಾಡಿ ನಾಲ್ಕು ತಿಂಗಳಾಯ್ತು, ದಿನಾ ರಾತ್ರಿ ಊಟ ಆದ್ಮೇಲೆ ಮಗಳ ಮ್ಯಾಥ್ಸ್ ಚೌಕುಳಿ ನೋಟ್‌ಬುಕ್ ಎಳ್ಕೊಂಡು ಒಂದೊಂದು ಮನೆಗೆ ಒಂದೊಂದು ಅಕ್ಷರ ತುಂಬಿಸ್ತಾ ಕೂತ್ಕೋತೀನಿ. ನಿನ್ನೆ ಸಿಕ್ಕಿದ್ದು ಮೋಡ. ಯುನ್ ಅಂತಾರೆ, ತುಟಿ ಸಿಳ್ಳೆ ಹೊಡೆಯೋ ಥರ ಮಾಡ್ಬೇಕು, ಧ್ವನಿ ನಾವು "ಹ್ಞಾಂ?" ಅಂತ ಕೇಳ್ತೀವಲ್ಲ ಹಂಗೆ ಮೇಲಕ್ಕೆ ಹೋಗ್ಬೇಕು.

ಬರೆಯೋಕೆ ನಾಲ್ಕೇ ಗೆರೆ. ಮೇಲೊಂದು ಗಿಡ್ಡ ಅಡ್ಡಗೆರೆ, ಕೆಳಗೊಂದು ಉದ್ದದ್ದು, ಅದರಡಿ ಮೊಣಕೈ ಮಡಚಿದಂಗೆ ಒಂದು ಬಾಗು, ಕೊನೆಗೊಂದು ಚುಕ್ಕೆ. ತೈವಾನ್, ಹಾಂಗ್‌ಕಾಂಗಲ್ಲಿ ಬರೆಯೋ ರೂಪಕ್ಕೆ 12 ಗೆರೆ, ಯಾಕಂದ್ರೆ ಇದೇ ನಾಲ್ಕರ ತಲೆ ಮೇಲೆ ಇಡೀ ಮಳೆ ಅಕ್ಷರ ಕೂತಿರುತ್ತೆ, ಕಿಟಕಿ ಥರ ಚೌಕಟ್ಟು, ಒಳಗೆ ನಾಲ್ಕು ಹನಿ. 1956ರಲ್ಲಿ ಚೀನಾ ಸರ್ಕಾರ ಅಕ್ಷರ ಸರಳ ಮಾಡೋ ಪಟ್ಟಿ ತಂದಾಗ ಆ ಮಳೆ ಹೋಯ್ತು. ಮಳೆ ಇಲ್ದಿರೋ ಮೋಡ, ಹೃದಯ ಇಲ್ದಿರೋ ಪ್ರೀತಿ (ಪ್ರೀತಿ ಅಕ್ಷರದ ನಡುವೆ ಇದ್ದ ಹೃದಯಾನೂ ತೆಗೆದುಬಿಟ್ರು) ಅಂತ ಹಳೇ ಲಿಪಿ ಕಡೆಯೋರು ಇವತ್ತಿಗೂ ಹಂಗಿಸ್ತಾರೆ. ನಾನೂ ಪಾಪ, ಹೌದಲ್ಲಾ ಅಂದ್ಕೊಂಡಿದ್ದೆ.

ಆದ್ರೆ ಮೋಡದ ಕಥೆ ಉಲ್ಟಾ ಕಣ್ರೀ. ಚೀನಾದ ಅನ್ಯಾಂಗ್ ಊರಿನ ಹತ್ರ ಸಿಕ್ಕಿರೋ ಮೂರು ಸಾವಿರ ವರ್ಷದ ಹಿಂದಿನ ಮೂಳೆ, ಆಮೆ ಚಿಪ್ಪು ಇದಾವಲ್ಲ, ಆಗ ಅಲ್ಲಿ ಆಳ್ತಿದ್ದ ಶಾಂಗ್ ವಂಶದ ರಾಜರು ಮಳೆ ಬರುತ್ತಾ, ಯುದ್ಧ ಗೆಲ್ತೀವಾ ಅಂತ ಶಕುನ ಕೇಳಿ ಕೆತ್ತಿಸಿದ್ದು, ಅದ್ರಲ್ಲಿ ಮೋಡ ಅಂದ್ರೆ ಮೇಲೆ ಎರಡು ಅಡ್ಡಗೆರೆ, ಕೆಳಗೆ ಸುರುಳಿ ಸುತ್ತಿರೋ ಬಾಲ, ಅಷ್ಟೇ. ಮಳೆ ಇಲ್ವೇ ಇಲ್ಲ! ಆಮೇಲೆ 'ಹೇಳು' ಅನ್ನೋ ಪದಕ್ಕೂ ಅದೇ ಉಚ್ಚಾರ ಇದ್ದಿದ್ರಿಂದ ಈ ಅಕ್ಷರಾನೇ ಎರವಲು ತಗೊಂಡ್ರು, ಬಾಡಿಗೆಗೆ ಬಂದೋನು ಮನೆ ಬಿಡ್ಲೇ ಇಲ್ಲ, ಕೊನೆಗೆ ಓನರ್ರೇ ತಲೆ ಮೇಲೆ ಮಳೆ ಹೊತ್ಕೊಂಡು ಬೇರೆ ಮನೆ ಮಾಡ್ಬೇಕಾಯ್ತು. ಕ್ರಿ.ಶ. 100ರ ಸುಮಾರಿಗೆ ನಿಘಂಟು ಬರೆದ ಶು ಶೆನ್‌ಗೆ ಈ ನಾಲ್ಕು ಗೆರೆದು ಹಳೇ ರೂಪ ಅಂತ ಗೊತ್ತಿತ್ತು, ಆದ್ರೆ ಅವನೂ ಅದನ್ನ 'ಮಳೆ ಬಿಟ್ಟು ಬರೆದದ್ದು' ಅಂತ್ಲೇ ವಿವರಿಸ್ದ. ತಪ್ಪು ಅವನದಲ್ಲ ಬಿಡಿ, ಆ ಮೂಳೆ ಮೇಲಿರೋದು ಬರವಣಿಗೆ ಅಂತ ವಿದ್ವಾಂಸರಿಗೆ ಗೊತ್ತಾಗಿದ್ದೇ 1899ರಲ್ಲಿ.

1956ರ ಹೊತ್ತಿಗೆ 'ಹೇಳು' ಅನ್ನೋ ಬಾಡಿಗೆದಾರ ಹಳೇ ಗ್ರಂಥಗಳಲ್ಲಿ ಬಿಟ್ರೆ ಬೇರೆಲ್ಲೂ ಹೆಚ್ಚಾಗಿ ಕಾಣ್ತಿರ್ಲಿಲ್ಲ, ಓನರ್ ವಾಪಸ್ ಬಂದು ಬೀಗ ತೆಗೆದ. ಈಗ ಫೋಟೋ ಬ್ಯಾಕಪ್ ಮಾಡೋ ಕ್ಲೌಡ್‌ಗೂ ಚೀನಾದಲ್ಲಿ ಇದೇ ಅಕ್ಷರ.

ನೋಟ್‌ಬುಕ್ಕಲ್ಲಿ ಮುಂದಿನ ಸಾಲು ಕರೆಂಟು. ಅದರ ಮೇಲಿದ್ದ ಮಳೆನೂ ಹಾರಿಸಿದಾರೆ. ಈ ಸಲ ಅಯ್ಯೋ ಅನ್ನೋಕ್ಮುಂಚೆ ಮೂಳೆ ನೋಡ್ತೀನಿ.