ಮುಖಪುಟದಲ್ಲಿ ಮುಳುಗಿದ ಹಡಗುಗಳು

ಕಳೆದ ವರ್ಷ ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಮನೆಯ ಅಟ್ಟದಿಂದ ದೊಡ್ಡಪ್ಪನವರ ತಗಡಿನ ಟ್ರಂಕು ಕೆಳಗಿಳಿಯಿತು. ಅವರು ಊರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಹಬ್ಬದ ದಿನ, ಮೊಳೆಗಳನ್ನು ಸಾಲಾಗಿ ಜೋಡಿಸುವ ತಮ್ಮ ಕಂಪೋಸಿಂಗ್ ಸ್ಟಿಕ್ಕಿಗೆ ಕುಂಕುಮವಿಟ್ಟು ಹೂವೇರಿಸುವುದನ್ನು ಬಿಟ್ಟಿಲ್ಲ. ಆ ಸ್ಟಿಕ್ಕಿಗಾಗಿ ತೆರೆದ ಟ್ರಂಕಿನ ತಳದಲ್ಲಿ, ದಾರ ಸುತ್ತಿದ ಎರಡು ಕಟ್ಟು ಹಳೆಯ ಪತ್ರಿಕೆಗಳಿದ್ದವು. ಒಂದು 1965ರ ಸೆಪ್ಟೆಂಬರಿನದು, ಇನ್ನೊಂದು 1971ರ ಡಿಸೆಂಬರಿನದು; ಎರಡೂ ಪಾಕಿಸ್ತಾನದೊಂದಿಗಿನ ಯುದ್ಧದ ದಿನಗಳವು. ಮನೆ ಗುಡಿಸುವ ಕೆಲಸ ಅಲ್ಲಿಗೇ ನಿಂತಿತು. ನಡುಮನೆಯ ನೆಲದ ಮೇಲೆ ಹಾಳೆಗಳನ್ನು ಹರಡಿಕೊಂಡು ನಾನು ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತ, ಎಂಬತ್ತು ದಾಟಿದ ದೊಡ್ಡಪ್ಪನವರು ಒಂದೊಂದರ ಹಿಂದಿನ ಕಥೆ ಹೇಳುತ್ತ, ಇಬ್ಬರೂ ಆ ಮಧ್ಯಾಹ್ನ ಮನಸಾರೆ ನಕ್ಕೆವು.

ಮೊದಲು ನಗು ತರಿಸಿದ್ದು ಲಾಹೋರ್. 1965ರ ಸೆಪ್ಟೆಂಬರ್ 6ರಂದು ನಮ್ಮ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಆ ನಗರದ ದಿಕ್ಕಿಗೆ ನುಗ್ಗಿದಾಗ, ಲಾಹೋರ್ ಕೈಸೇರಿತೆಂಬ ಮಾತು ಕಾಳ್ಗಿಚ್ಚಿನಂತೆ ದೇಶದ ತುಂಬ ಹಬ್ಬಿತ್ತು. ದೊಡ್ಡಪ್ಪನವರ ಪತ್ರಿಕೆಯಲ್ಲಿ ಮೊದಲ ದಿನ ಆ ನಗರ ಪುಟದ ಆ ತುದಿಯಿಂದ ಈ ತುದಿಯವರೆಗೆ ಚಾಚಿಕೊಂಡಿತ್ತು. ಮರುದಿನ ಸೇನೆ ನಗರದ ಹೊರವಲಯದಲ್ಲಿತ್ತು, ತಲೆಬರಹ ಐದು ಕಾಲಮಿಗೆ ಇಳಿದಿತ್ತು. ಆಮೇಲೆ ಲಾಹೋರಿಗೆ ಮುನ್ನ ಸಿಗುವ ಇಚ್ಛೋಗಿಲ್ ಕಾಲುವೆಯ ಹೆಸರು ಬಂತು, ಮೂರು ಕಾಲಮಿನಲ್ಲಿ. ನಗರ ದೂರ ಸರಿದಷ್ಟೂ ಅಕ್ಷರದ ಗಾತ್ರ ಕುಗ್ಗುತ್ತ ಹೋಗಿದ್ದು ಹಾಳೆಗಳನ್ನು ಸಾಲಾಗಿ ಇಟ್ಟಾಗ ಕಣ್ಣಿಗೇ ಕಾಣುತ್ತಿತ್ತು. ಆ ಕಾಲುವೆಯವರೆಗೆ ಹೋರಾಡುತ್ತ ಹೋಗಿದ್ದೇ ಸೇನೆಯ ನಿಜವಾದ ಸಾಧನೆ. ಅದನ್ನು ಮೊದಲ ದಿನದ ಮೊಳೆಯಲ್ಲೇ ಅಚ್ಚು ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ನೆಲಕ್ಕಿಂತ ನೀರಿನ ಸುದ್ದಿ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಸಮುದ್ರದ ನಡುವೆ ಹೋಗಿ ನೋಡಿಬರುವವರು ಯಾರೂ ಇರುವುದಿಲ್ಲ. ಎರಡನೆಯ ಮಹಾಯುದ್ಧದ ಆರಂಭದಲ್ಲಿ, 1939ರ ಸೆಪ್ಟೆಂಬರಿನಲ್ಲಿ, ಬ್ರಿಟಿಷರ ಆರ್ಕ್ ರಾಯಲ್ ಎಂಬ ವಿಮಾನವಾಹಕ ನೌಕೆಯ ಪಕ್ಕಕ್ಕೆ ಜರ್ಮನ್ ವಿಮಾನವೊಂದು ಬಾಂಬು ಹಾಕಿತು. ಗುರಿ ತಪ್ಪಿದರೂ ಹಡಗು ಮುಳುಗಿತೆಂದು ಬರ್ಲಿನ್ ಸಾರಿತು. ಅದು ನಿಜಕ್ಕೂ ಮುಳುಗಿದ್ದು 1941ರ ನವೆಂಬರಿನಲ್ಲಿ, ಜಿಬ್ರಾಲ್ಟರಿನ ಬಳಿ ಜಲಾಂತರ್ಗಾಮಿಯ ಟಾರ್ಪಿಡೊ ಬಡಿದ ಮೇಲೆ. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತಕ್ಕೂ ಇದೇ ಯೋಗ ಬಂತು. 1965ರಲ್ಲಿ ಅದನ್ನು ಮುಳುಗಿಸಿದೆವೆಂದು ಪಾಕಿಸ್ತಾನ ಹೇಳಿಕೊಂಡಾಗ, ಹಡಗು ಬೊಂಬಾಯಿಯ ಒಣ ಹಡಗುಕಟ್ಟೆಯಲ್ಲಿ ದುರಸ್ತಿಗೆ ನಿಂತಿತ್ತು. ಮುಳುಗಲು ಅದರ ಕೆಳಗೆ ನೀರೇ ಇರಲಿಲ್ಲ! ಆ ಸುದ್ದಿಯ ಮೊಳೆ ಜೋಡಿಸುವಾಗ ಇಡೀ ಪ್ರೆಸ್ಸು ನಕ್ಕು ಹಗುರಾಗಿತ್ತೆಂದು ದೊಡ್ಡಪ್ಪ ಹೇಳಿದರು.

1971ರ ಕಟ್ಟನ್ನು ಬಿಚ್ಚುವಾಗ ಅವರ ಮುಖ ಅರಳಿತು. "ಆ ಡಿಸೆಂಬರಿನಲ್ಲಿ ನಮಗೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನನಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ಢ ಅಕ್ಷರ ಕಣಮ್ಮ," ಎಂದರು. ತಲೆಬರಹದ ದೊಡ್ಡ ಮೊಳೆಗಳಲ್ಲಿ ಅವರ ಪ್ರೆಸ್ಸಿನಲ್ಲಿದ್ದದ್ದು ಒಂದೇ ಒಂದು ಢ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟದ ಪೂಜೆಯ ಸುದ್ದಿಗೆ ಅದನ್ನು ಹೊರತೆಗೆದರೆ, ಮತ್ತೆ ಮುಂದಿನ ಆಷಾಢದವರೆಗೆ ಅದು ಮೊಳೆಗಳನ್ನಿಡುವ ಕೇಸಿನ ಮೂಲೆಯಲ್ಲಿ ನಿದ್ರಿಸುತ್ತಿತ್ತು. ಈಗ ನೋಡಿದರೆ ದಿನಬೆಳಗಾದರೆ ಢಾಕಾ. ಡಿಸೆಂಬರ್ 16ರ ಸಂಜೆ, ಅಲ್ಲಿನ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ಸುದ್ದಿ ಬಂದಾಗ, ಒಂದೇ ಪುಟದ ಮೂರು ತಲೆಬರಹಗಳಿಗೆ ಢಾಕಾ ಬೇಕಾಯಿತು. ದೊಡ್ಡಪ್ಪ ಸೈಕಲ್ ಹತ್ತಿ ಇನ್ನೊಂದು ಪ್ರೆಸ್ಸಿಗೆ ಢ ಸಾಲ ಕೇಳಲು ಹೋದರೆ, ಅಲ್ಲಿಯವರು ತಮ್ಮ ಮುಖಪುಟವನ್ನು ತೋರಿಸಿ ಕೈಮುಗಿದರು. ಅವರ ಢ ಕೂಡ ಆಗಲೇ ಢಾಕಾ ಸೇರಿಬಿಟ್ಟಿತ್ತು. ಕೊನೆಗೆ ಮೊದಲ ತಲೆಬರಹದಲ್ಲಿ ಢಾಕಾ ಉಳಿಯಿತು, ಎರಡನೆಯದರಲ್ಲಿ ಅದು ಪೂರ್ವ ಬಂಗಾಳದ ರಾಜಧಾನಿಯಾಯಿತು, ಮೂರನೆಯದರಲ್ಲಿ ಮಹಾಪ್ರಾಣದ ಸೀಳು ಕಳೆದುಕೊಂಡು ಡಾಕಾ ಎಂದೇ ಅಚ್ಚಾಯಿತು. ತೊಂಬತ್ತಮೂರು ಸಾವಿರ ಮಂದಿ ಸೆರೆಸಿಕ್ಕ ಸುದ್ದಿಯನ್ನು ಊರೆಲ್ಲ ಸಂಭ್ರಮಿಸುತ್ತಿದ್ದ ಆ ಬೆಳಿಗ್ಗೆ, ನಿವೃತ್ತ ಕನ್ನಡ ಪಂಡಿತರೊಬ್ಬರು ಕೊಡೆ ಹಿಡಿದು ಕಚೇರಿಗೆ ಬಂದು, ಮಹಾಪ್ರಾಣ ಎಲ್ಲಿ ಹೋಯಿತೆಂದು ವಿಚಾರಿಸಿದರಂತೆ. ಅವರಿಗೆ ಕಾಫಿ ತರಿಸಿಕೊಟ್ಟು, ಒಂಟಿ ಮೊಳೆಯನ್ನು ಕೈಗಿಟ್ಟು ತೋರಿಸಿ, ಗೌರವದಿಂದ ಕಳುಹಿಸಿಕೊಟ್ಟರು.

ಅದೇ ಪುಟದಲ್ಲಿ ಶರಣಾಗತಿಯ ಪಕ್ಕದ ಕಾಲಮಿನಲ್ಲೇ, ಯುದ್ಧ ಮುಂದುವರಿಯುತ್ತದೆಂದು ಯಾಹ್ಯಾ ಖಾನ್ ಆ ಸಂಜೆ ರೇಡಿಯೊದಲ್ಲಿ ಮಾಡಿದ ಭಾಷಣವೂ ಇತ್ತು. ಮರುದಿನವೇ ಅವರು ಕದನವಿರಾಮ ಒಪ್ಪಿಕೊಂಡರು.

ಹಾಳೆಗಳನ್ನು ತಿರುವುತ್ತ ಒಂದು ಕಡೆ ನಮ್ಮ ನಗು ನಿಂತಿತು. ಡಿಸೆಂಬರ್ 9ರ ರಾತ್ರಿ ನಮ್ಮ ಖುಕ್ರಿ ನೌಕೆ ಮುಳುಗಿ, 18 ಅಧಿಕಾರಿಗಳೂ 176 ನಾವಿಕರೂ ತೀರಿಕೊಂಡಿದ್ದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗನ್ನು ಬಿಡದೆ ಅದರೊಂದಿಗೇ ಹೋದರು. ಆ ಸುದ್ದಿ ಪುಟದ ಕೆಳಗೆ ಒಂದೇ ಕಾಲಮಿನಲ್ಲಿತ್ತು. ಶತ್ರುವಿನ ನಷ್ಟಕ್ಕೆ ದೊಡ್ಡ ಮೊಳೆ, ನಮ್ಮ ನಷ್ಟಕ್ಕೆ ಸಣ್ಣ ಮೊಳೆ ಎಂಬುದು ಎಲ್ಲ ದೇಶಗಳ ಪತ್ರಿಕೆಗಳೂ ಯುದ್ಧಕಾಲದಲ್ಲಿ ಪಾಲಿಸಿದ ಪದ್ಧತಿ. ಆದರೂ ಮುಲ್ಲಾ ಅವರ ಹೆಸರು ಪುಟದ ನೆತ್ತಿಯ ಮೇಲಿರಬೇಕಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ. ದೊಡ್ಡಪ್ಪನವರೂ ಆ ಹಾಳೆಯನ್ನು ಬೇರೆಯಾಗಿ ಮಡಿಸಿಟ್ಟರು.

ವಿಕ್ರಾಂತದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1965ರಲ್ಲಿ "ಮುಳುಗಿದ್ದ" ಆ ಹಡಗು 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ನಿಂತು, ತನ್ನ ವಿಮಾನಗಳಿಂದ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರುಗಳ ಮೇಲೆ ದಾಳಿ ನಡೆಸಿತು. ಅದನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯೇ ವಿಶಾಖಪಟ್ಟಣದ ಬಳಿ ತಳ ಸೇರಿತು. ವಿಕ್ರಾಂತ 1997ರಲ್ಲಿ ನಿವೃತ್ತವಾಗಿ, ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ಒಡೆಯಲು ಹೋಯಿತು. ಅದರ ಲೋಹದ ಒಂದಿಷ್ಟು ಭಾಗ ಬಜಾಜ್ ಕಂಪನಿಯ ವಿ ಮೋಟಾರ್ ಸೈಕಲ್ಲುಗಳಿಗೆ ಸೇರಿದೆ. ಅಂಥದ್ದೊಂದು ನಮ್ಮ ಅಣ್ಣನ ಮಗನ ಬಳಿ ಇದೆ. ಮಾರನೆಯ ದಿನ ಅವನು ಅದನ್ನು ತೊಳೆದು ಬಾಳೆಕಂದು ಕಟ್ಟುತ್ತಿದ್ದಾಗ, ದೊಡ್ಡಪ್ಪ ತಾವೇ ಎದ್ದು ಹೋಗಿ ಪೆಟ್ರೋಲ್ ಟ್ಯಾಂಕಿಗೆ ದೊಡ್ಡದೊಂದು ಕುಂಕುಮದ ಬೊಟ್ಟಿಟ್ಟು, "ಹುಷಾರಾಗಿ ಓಡಿಸಪ್ಪ, ಇದು ಒಂದು ಸಲ ಮುಳುಗಿದ್ದ ಗಾಡಿ," ಎಂದರು.