ಹುರಿದ ಹಲಗೆಯ ಕಂದು

ಇಂದು ಸಂಜೆ ಫಿನ್ಲೆಂಡಿನ ಟಾಂಪೆರೆ ಊರಿನ ನಮ್ಮ ವಸತಿ ಸಮುಚ್ಚಯದ ಸೌನಾದಲ್ಲಿ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಯಲ್ಲಿ, ಹೊಸದಾಗಿ ಹಾಕಿದ ಆಸ್ಪೆನ್ ಮರದ ಹಲಗೆಗಳ ಮೇಲೆ ಕುಳಿತಾಗ, ಹುರಿದ ಕಾಫಿಬೀಜದಂತಹ ಅವುಗಳ ಬಣ್ಣ ಮೇಲೆ ಬಳಿದದ್ದಲ್ಲ, ಮರವೇ ತಿರುಳಿನವರೆಗೂ ಬದಲಾದುದರ ಗುರುತು ಎಂಬುದು ನೆನಪಾಯಿತು. ಫಿನ್ಲೆಂಡಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಥರ್ಮೋವುಡ್ ವಿಧಾನದಲ್ಲಿ ಮರವನ್ನು ಸುಮಾರು 185ರಿಂದ 215 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಗಂಟೆ ಇಡುತ್ತಾರೆ. ಅದು ಹೊತ್ತಿಕೊಳ್ಳದಂತೆ ಕಾಯುವುದು ನೀರಿನ ಆವಿ. ಮೊದಲು ಒಡೆಯುವುದು ಮರದ ಕೋಶಗೋಡೆಯಲ್ಲಿರುವ ಸಕ್ಕರೆಗಳ ಸರಪಳಿಯಾದ ಹೆಮಿಸೆಲ್ಯುಲೋಸ್. ಅದಕ್ಕೆ ಅಂಟಿಕೊಂಡ ಅಸಿಟೈಲ್ ಎಂಬ ಪರಮಾಣು ಗುಂಪುಗಳು ಕಳಚಿ, ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವಾಗುತ್ತವೆ, ಆ ಆಮ್ಲವೇ ಮುಂದಿನ ಒಡೆತಕ್ಕೆ ವೇಗವರ್ಧಕವಾಗುತ್ತದೆ; ಅಂದರೆ ಮರ ತನ್ನನ್ನು ಬದಲಿಸುವ ವಿನೆಗರನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ, ಈ ಭಾಗ ನನಗೆ ಎಷ್ಟು ಸಲ ಓದಿದರೂ ಬೇಸರವಾಗದು. ನೀರನ್ನು ಹಿಡಿದಿಡುವ ಹೈಡ್ರಾಕ್ಸಿಲ್ ಗುಂಪುಗಳು ಕಡಿಮೆಯಾಗುವುದರಿಂದ ಹಲಗೆ ತೇವವನ್ನು ಅಷ್ಟಾಗಿ ಹೀರುವುದಿಲ್ಲ, ಉಬ್ಬಿ ಕುಗ್ಗುವುದೂ ಕಡಿಮೆ, ಶಿಲೀಂಧ್ರಗಳಿಗೆ ಸುಲಭದ ಆಹಾರವೂ ಸಿಗುವುದಿಲ್ಲ. ಪ್ರತಿಯಾಗಿ ಮರ ಬಾಗುವ ಬಲವನ್ನು ಕಳೆದುಕೊಂಡು ಪೆಡಸಾಗುತ್ತದೆ. ಬಿಸಿಲಿಗೆ ಬಿಟ್ಟರೆ ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಸವೆದು ಈ ಚೆಂದದ ಕಂದು ಬೂದು ಬಣ್ಣಕ್ಕೆ ತಿರುಗುತ್ತದೆ.

ಮಲೆನಾಡಿನಲ್ಲಿ ನಮ್ಮ ಅಜ್ಜ ಬೇಲಿಗೂಟ ಕೊಳೆಯದಿರಲೆಂದು ಅದರ ತುದಿಯನ್ನು ಒಲೆಯಲ್ಲಿ ಸುಟ್ಟು, ಆಮೇಲೆ ನೆಲದಲ್ಲಿ ಹೂಳುತ್ತಿದ್ದರು. ಎರಡೂ ಒಂದೇ ಎಂದು ನಾನು ಬಹಳ ದಿನ ನಂಬಿದ್ದೆ. ಆದರೆ ಅಲ್ಲಿ ಇದ್ದಿಲಾಗುವುದು ಮೇಲ್ಪದರ ಮಾತ್ರ. ಇಷ್ಟೆಲ್ಲ ರಸಾಯನ ನಡೆದ ಈ ಹಲಗೆಯನ್ನಾದರೋ, ಮಣ್ಣಿಗೆ ನೇರವಾಗಿ ತಾಗುವಂತೆ ಹೂಳಬಾರದು ಎಂದೇ ತಯಾರಕರು ಹೇಳುತ್ತಾರೆ.