ಆ ಒಂದು ‘ಹೂಂ’

11 ಆಗಸ್ಟ್ 2024, ಭಾನುವಾರ ರಾತ್ರಿ

ಪುಟ್ಟಿ ಮಲಗಿದಳು. ನನಗೆ ನಿದ್ದೆ ಹತ್ತುತ್ತಿಲ್ಲ.

ಸಂಜೆ ಸುರುಳಿ ಗೆಲಾಕ್ಸಿಯ ಚಿತ್ರ ಹಿಡಿದು ಬಂದಿದ್ದಳು. "ಅತ್ತೆ, ನಡುವೆ ಕಪ್ಪುಕುಳಿ ಎಳೆಯೋದಕ್ಕೇ ಇದು ಹೀಗೆ ಸುತ್ತಿಕೊಂಡಿರೋದು, ಅಲ್ವಾ? ಬಚ್ಚಲಲ್ಲಿ ನೀರು ಇಳಿಯೋ ಹಾಗೆ?" ಏನೋ ಕೆಲಸದಲ್ಲಿದ್ದೆ. ಸುಮ್ನೆ "ಹೂಂ" ಅಂದುಬಿಟ್ಟೆ.

ಅದು ತಪ್ಪು ಅಂತ ಗೊತ್ತಿದ್ದೂ ಅಂದೆ. ಅದೇ ಕೊರೆಯುತ್ತಿತ್ತು. ಊಟವಾದ ಮೇಲೆ ಕರೆದು ಕೂರಿಸಿಕೊಂಡೆ.

ನಮ್ಮ ಗೆಲಾಕ್ಸಿಯಾದ ಆಕಾಶಗಂಗೆಯ ನಡುವಿನ ಕಪ್ಪುಕುಳಿ, ಅಂದರೆ ಬೆಳಕನ್ನೂ ಹೊರಬಿಡದಷ್ಟು ಜೋರಾಗಿ ಎಳೆಯುವ ಕುಳಿ, ಸುಮಾರು 40 ಲಕ್ಷ ಸೂರ್ಯರಷ್ಟು ಭಾರ. ಆದರೂ ಬುಧ ಸುತ್ತುವ ದಾರಿಯೊಳಗೆ ಹಿಡಿಸಿಬಿಡುತ್ತದೆ. ಅದರ ಎಳೆತ ಮೇಲುಗೈ ಆಗುವುದು ಕೆಲವೇ ಜ್ಯೋತಿರ್ವರ್ಷ ದೂರದವರೆಗೆ (ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ). ಗೆಲಾಕ್ಸಿಯೋ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲ. ಅಂಚಿನ ನಕ್ಷತ್ರಗಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎಂ33 ಗೆಲಾಕ್ಸಿಗೆ ಚಂದದ ಸುರುಳಿ ಇದೆ, ನಡುವೆ ಮಾತ್ರ ದೊಡ್ಡ ಕುಳಿ ಸಿಕ್ಕೇ ಇಲ್ಲ.

"ಹಾಗಾದ್ರೆ ಅವೆರಡಕ್ಕೂ ಸಂಬಂಧನೇ ಇಲ್ವಾ?" ಅವಳ ಮುಖ ಸಪ್ಪಗಾಯಿತು.

ಇದೆ ಪುಟ್ಟಿ. ನನಗೆ ಮೈ ಜುಂ ಅನ್ನುವುದೇ ಅಲ್ಲಿ. 2000ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡವು. ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿ ನಕ್ಷತ್ರಗಳ ಓಟ ಎಷ್ಟು ಜೋರೋ, ಕುಳಿಯೂ ಅಷ್ಟು ಭಾರ. ಉಬ್ಬು ದೊಡ್ಡದಿದ್ದರೆ ಸುರುಳಿಯ ತೋಳುಗಳು ಸಾಮಾನ್ಯವಾಗಿ ಬಿಗಿಯಾಗಿ ಸುತ್ತಿರುತ್ತವೆ, ಕುಳಿಯೂ ದೊಡ್ಡದಿರುತ್ತದೆ. ಎಂ87ಕ್ಕೆ ತೋಳುಗಳೇ ಇಲ್ಲ, ಇಡೀ ಗೆಲಾಕ್ಸಿಯೇ ಒಂದು ದೊಡ್ಡ ಉಂಡೆ. ಅದರ ಕುಳಿ 650 ಕೋಟಿ ಸೂರ್ಯರಷ್ಟು! 2019ರಲ್ಲಿ ಕಿತ್ತಳೆ ಉಂಗುರದ ಚಿತ್ರ ಬಂತಲ್ಲ, ಅದೇ.

ಇಷ್ಟು ಪುಟ್ಟ ಕುಳಿ ಅಷ್ಟು ದೊಡ್ಡ ಉಬ್ಬಿನ ಜೊತೆ ಹೇಗೆ ಲೆಕ್ಕ ಇಟ್ಟುಕೊಂಡು ಬೆಳೆಯಿತು? ಕುಳಿಗೆ ಬೀಳುವ ಅನಿಲ ವಿಪರೀತ ಕಾಯುತ್ತದೆ. ಆ ಶಕ್ತಿ ಹೊರಗೆ ಚಿಮ್ಮಿ ಸುತ್ತಲ ಅನಿಲವನ್ನೂ ದೂಡುತ್ತದೆ. ಆಗ ಹೊಸ ನಕ್ಷತ್ರ ಹುಟ್ಟುವುದು ಕಡಿಮೆಯಾಗುತ್ತದೆ, ಕುಳಿಗೂ ಮೇವು ಸಿಗುವುದಿಲ್ಲ. ಎರಡೂ ಒಟ್ಟಿಗೆ ನಿಲ್ಲುತ್ತವೆ. ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾದಾಗ ಉಬ್ಬುಗಳೂ ಸೇರುತ್ತವೆ, ಕುಳಿಗಳೂ ಸೇರಬಹುದು.

"ಮೊದಲು ಹುಟ್ಟಿದ್ದು ಯಾವುದು ಅತ್ತೆ?"

ಈ ಸಲ ಹೂಂ ಅನ್ನಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಕಂಡ ತೀರಾ ಹಳೆಯ ಗೆಲಾಕ್ಸಿಗಳಲ್ಲಿ ಕೆಲವಕ್ಕೆ ಅವುಗಳ ಮೈಗೆ ಜಾಸ್ತಿಯಾಯಿತು ಅನ್ನಿಸುವಷ್ಟು ದೊಡ್ಡ ಕುಳಿಗಳಿವೆ. ಹಾಗಿದ್ದರೆ ಕುಳಿಯೇ ಮುಂಚೆ ಬಂದು, ಆಮೇಲೆ ಅದರ ಸುತ್ತ ಗೆಲಾಕ್ಸಿ ಕಟ್ಟಿಕೊಂಡಿತೇ?